ಗದರಿಸುವ ವಿದ್ಯೆ

“ಇಷ್ಟು ಬೆಣ್ಣೆ ಮನಸ್ಸಿನವರನ್ನ ನಾನು ತಗೊಳ್ಳಲ್ಲಮ್ಮ,” ಎಂದು ಕೋಚ್ ಬಾಗಿಲು ತೆರೆದು ಹಿಡಿದರು. ಮ್ಯಾನೇಜರುಗಳಿಗೆ ತರಬೇತಿ ಕೊಡುವ ಅವರು ಬಂದವರನ್ನು ಜರಡಿ ಹಿಡಿದೇ ಆರಿಸುತ್ತಿದ್ದರು.

ತರಬೇತಿ ಕೇಳಿಕೊಂಡು ಬಂದಿದ್ದ ಅವಳು ಕೂತಲ್ಲಿಂದ ಏಳಲಿಲ್ಲ. “ಹಾಗನ್ಬೇಡಿ ಸರ್. ಕೈಕೆಳಗಿನವರನ್ನ ಗದರಿಸೋದು ಕಲಿತು ಬಾ, ಇಲ್ಲಾಂದ್ರೆ ಕೆಲಸಕ್ಕೇ ಬರಬೇಡ ಅಂತ ನಮ್ಮ ಮೇಡಂ ನಿಮ್ಮ ಹತ್ರ ಕಳಿಸಿದಾರೆ. ಅವರ ಎದುರು ಉಗುಳು ನುಂಗೋಕೂ ಭಯ. ಮನೆ ನಡೀತಿರೋದೇ ನನ್ನ ಸಂಬಳದಲ್ಲಿ.”

“ಹೇಳಿದ್ದೆಲ್ಲ ಮಾಡ್ತೀರಾ?”

“ಮಾಡ್ತೀನಿ ಸರ್, ಖಂಡಿತ.”

ಕೋಚ್ ನಕ್ಕು ಬಾಗಿಲು ಮುಚ್ಚಿದರು. “ಸರಿ, ತಗೊಂಡೆ. ಹೆದರ್ಬೇಡಿ. ನಿಮ್ಮ ಮೇಡಂ ಇಲ್ಲಿಗೆ ಬಂದಾಗ ನಿಮಗಿಂತ ಮೆತ್ತಗಿದ್ರು. ಯಾರನ್ನೂ ಬೈಯೋಕೆ ಮನಸ್ಸು ಬರಲ್ಲ ಅಂತ ಗಳಗಳ ಅತ್ತಿದ್ರು. ಈಗ ನೋಡಿ ಹೇಗಿದಾರೆ! ನಾಳೆಯಿಂದಲೇ ಬನ್ನಿ.”

“ನಾನು ಬರಲ್ಲ ಸರ್,” ಎಂದಳು ಅವಳು.