ಆಕ್ಸಿಜನ್ ಖಾನೆ

"ರಕ್ತದಲ್ಲಿ ಆಕ್ಸಿಜನ್ ತೊಂಬತ್ತಾರು ಇದೆ, ಮಾಸ್ಕ್ ತೆಗೆದು ಸಾಮಾನ್ಯ ವಾರ್ಡಿಗೆ ಕಳಿಸಿ ಅಂತ ಡಾಕ್ಟ್ರು ಕಂಪ್ಯೂಟರ್ ನೋಡಿ ಕೆಳಗಿಂದ ಫೋನ್ ಮಾಡಿದ್ರು," ಎಂದು ನರ್ಸ್ ಗಾಲಿಕುರ್ಚಿ ತಂದು ನಿಲ್ಲಿಸಿದರು. ಹಾಸಿಗೆಯಲ್ಲಿದ್ದ ಸೋದರಮಾವ, "ಅಂತೂ ನನ್ನ ಮೂತಿಗೆ ಕಟ್ಟಿದ ಬುಟ್ಟಿ ಬಿಚ್ತಾರೆ ಕಣಮ್ಮ," ಎಂದು ಮಾಸ್ಕಿನೊಳಗಿಂದಲೇ ನಕ್ಕರು. ಅವರನ್ನು ನೋಡಿಕೊಳ್ಳಲು ಬಂದಿದ್ದ ಸೋದರಸೊಸೆಗೆ ನಗು ಬರಲಿಲ್ಲ. ಆ ತೊಂಬತ್ತಾರನ್ನು ಅಳೆಯುವಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಮಾಸ್ಕ್ ಅವರ ಮುಖದ ಮೇಲೇ ಇತ್ತು.

ಅಳೆದಾಗ ಮಾಸ್ಕ್ ಇತ್ತೋ ಇಲ್ಲವೋ ಎಂದು ಬರೆಯಲು ಕಂಪ್ಯೂಟರಿನಲ್ಲಿ ಹಿಂದೆ ಒಂದು ಖಾನೆಯಿತ್ತು. ಇದೂ ಸೇರಿ ಹತ್ತಾರು ಆಸ್ಪತ್ರೆಗಳ ರೋಗಿಗಳ ದಾಖಲೆಯನ್ನು ಒಂದೇ ಅಚ್ಚಿಗೆ ತರುವುದು ಅವಳ ಕೆಲಸ. ಒಬ್ಬೊಬ್ಬರು ಒಂದೊಂದು ರೀತಿ ತುಂಬುತ್ತಿದ್ದ ಆ ಖಾನೆ ಅವಳಿಗೆ ಅಕ್ಕಿಯಲ್ಲಿನ ಕಲ್ಲಿನಂತೆ ಕಂಡಿತ್ತು. ಆರಿಸಿ ಎಸೆದಿದ್ದಳು. ಅಚ್ಚುಕಟ್ಟಾದ ಕೆಲಸವೆಂದು ಎಲ್ಲರೂ ಹೊಗಳಿದ್ದರು.

"ಸಿಸ್ಟರ್, ಅದು ಮಾಸ್ಕ್ ಹಾಕಿದ್ದಾಗ ಅಳೆದದ್ದು. ತೆಗೆದು ಒಂದ್ಸಲ ನೋಡಿ," ಎಂದಳು. ನರ್ಸ್ ಮಾಸ್ಕ್ ಸರಿಸಿ ಕಾದರು. ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ಇಳಿಯುತ್ತಾ ಇಳಿಯುತ್ತಾ ಎಂಬತ್ತನಾಲ್ಕಕ್ಕೆ ಬಂತು. ಮಾವನ ತುಟಿ ನೀಲಿಗಟ್ಟುವಷ್ಟರಲ್ಲಿ ನರ್ಸ್ ಮಾಸ್ಕನ್ನು ಮತ್ತೆ ಒತ್ತಿ ಹಿಡಿದರು. "ಸದ್ಯ, ನೀವಿದ್ರಿ. ಕಂಪ್ಯೂಟರ್‌ನಲ್ಲಿ ಇದೆಲ್ಲ ಬರೋದೇ ಇಲ್ಲ ನೋಡಿ."

ಆ ಖಾನೆ ತೆಗೆದವಳು ನಾನೇ ಎನ್ನಲು ಬಾಯಿ ತೆರೆದವಳ ಕಣ್ಣು ಪಕ್ಕದ ಹಾಸಿಗೆಯ ಮೇಲೆ ಬಿತ್ತು. ಅದರ ಮೇಲೆ ಹೊಸ ಹಾಸುಬಟ್ಟೆ ಹಾಸಿತ್ತು. "ಇಲ್ಲಿ ಮಾಸ್ಕ್ ಹಾಕ್ಕೊಂಡಿದ್ದ ಅಜ್ಜಿ ಎಲ್ಲಿ?"

"ಬೆಳಿಗ್ಗೇನೇ ಸಾಮಾನ್ಯ ವಾರ್ಡಿಗೆ ಕಳಿಸಿದ್ವಲ್ಲ. ತೊಂಬತ್ತೇಳು ಇತ್ತು," ಎಂದ ನರ್ಸ್, ತಮ್ಮ ಮಾತು ತಮ್ಮ ಕಿವಿಗೇ ಬಿದ್ದವರಂತೆ ಒಂದು ಕ್ಷಣ ನಿಂತು, ಬಾಗಿಲಿನತ್ತ ಓಡಿದರು.