ನಲವತ್ತರಲ್ಲಿ ಒಂದು ಗಿಡ

"ಈ ಗಿಡಗಳ ಕುಡಿ ಯಾರೋ ಚಿವುಟಿದ್ದಾರೆ," ಎಂದರು ಡಾ. ಶಿವರಾಜ, ಪರದೆಯ ಮೇಲಿನ ತೊಗರಿ ಹೊಲದ ಫೋಟೊಗೆ ಬೆರಳು ತೋರಿಸುತ್ತ. ಬೀದರಿನ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಗುಸುಗುಸು ನಿಂತುಹೋಯಿತು. ಉಜ್ವಲಾಳ ಐದು ವರ್ಷದ ಸಂಶೋಧನೆಗೆ ಅದು ಕೊನೆಯ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಈ ಪರೀಕ್ಷಕರು ಒಪ್ಪಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಡಾಕ್ಟರ್. ಒಪ್ಪದಿದ್ದರೆ ಬಿತ್ತನೆಯಿಂದಲೇ ಮತ್ತೆ ಶುರು.

"ಇಲ್ರಿ ಸರ್," ಎಂದಳು ಉಜ್ವಲಾ. ಕೊನೆಯ ಸಾಲಿನಲ್ಲಿ ಕೂತಿದ್ದ ಅವ್ವನಿಗೂ ತಿಳಿಯಲೆಂದು ಅವಳು ಬೆಳಿಗ್ಗೆಯಿಂದ ಕನ್ನಡದಲ್ಲೇ ಮಾತಾಡುತ್ತಿದ್ದಳು. "ತೊಗರಿಯ ಒಂದೊಂದು ಎಲಿ ಬುಡಕ್ಕೂ ಒಂದು ಮೊಗ್ಗು ಇರ್ತದ. ಅದು ಕವಲಾಗದಂಗ ತಡೆಯೋ ಜೀನು ಒಂದದ. ಮೇಲಿನ ಕುಡಿ ಇರೋತನ ಅದು ಬಿಡೂದಿಲ್ಲ. ರೈತರು ಕುಡಿ ಚಿವುಟಿದ್ರ ಆ ತಡೆ ಹೋಗ್ತದ, ಕವಲು ಒಡೀತಾವ. ನನ್ನ ತಳಿಯೊಳಗ ಮೊದಲ ನಲವತ್ತೈದು ದಿನ ಆ ಜೀನು ತಡೀತದ, ಗಿಡ ನೆಟ್ಟಗ ಏರ್ತದ. ಆಮ್ಯಾಲ ತಾನ ಸುಮ್ಮನಾಗ್ತದ. ಚಿವುಟೋ ಜರೂರತ್ತೇ ಇಲ್ಲ."

"ಪ್ರಯೋಗಾಲಯದ ಕುಂಡದಲ್ಲಿ ನೀವು ಹೇಳಿದ್ದನ್ನು ನಂಬುತ್ತೇನೆ. ಆದರೆ ಇದು ಹಲಬರ್ಗಾ ಊರಿನ ಹೊಲ. ಚಿವುಟದ ತೊಗರಿಗೆ ಹನ್ನೆರಡು ಕವಲು ಬಂದರೆ ಹೆಚ್ಚು. ನಿಮ್ಮ ನಲವತ್ತು ಗಿಡಕ್ಕೂ ಇಪ್ಪತ್ತೈದರ ಮೇಲಿದೆ. ನಲವತ್ತೈದು ದಿನಕ್ಕೆ ಕೈ ಸುಮ್ಮನಿಟ್ಟುಕೊಳ್ಳುವ ರೈತರನ್ನು ನಾನಂತೂ ಈ ಸೀಮೆಯಲ್ಲಿ ಕಂಡಿಲ್ಲ. ಹೊಲ ನೋಡಿಕೊಂಡವರು ಯಾರು?"

"ನಮ್ಮವ್ವ ಸರ್."

ಶಿವರಾಜರು ಪೆನ್ನಿನ ಮುಚ್ಚಳ ಹಾಕಿದರು. ಆಗ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅವ್ವ ಕೌಸಲ್ಯಾಬಾಯಿ ಎದ್ದು ನಿಂತಿದ್ದಳು. "ಸಾಹೇಬರ, ಗಿಡ ತರಸ್ರಿ. ಚಿವುಟಿದ ಗಿಡ ಸುಳ್ಳು ಹೇಳೂದಿಲ್ಲ."

ಉಜ್ವಲಾಳ ಮಾರ್ಗದರ್ಶಕಿ ಮುಸರ್ರತ ಮೇಡಂ ಲ್ಯಾಬಿಗೆ ಹೇಳಿಕಳಿಸಿದರು. ನಲವತ್ತೂ ಗಿಡಗಳನ್ನು ಒಣಗಿಸಿ, ಚೀಟಿ ಕಟ್ಟಿ, ಅಲ್ಲಿ ಇಡಲಾಗಿತ್ತು. ಹೊರೆ ಬಂದು ಮೇಜಿನ ಮೇಲೆ ಬಿತ್ತು. ಕೌಸಲ್ಯಾಬಾಯಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಒಂದು ಗಿಡ ಎತ್ತಿ ಹಿಡಿದಳು. "ನೋಡ್ರಿ, ನಡುವಿನ ದಂಟು ಬುಡದಿಂದ ತುದಿತನ ಸೀದಾ ಹೋಗ್ಯಾದ. ಚಿವುಟಿದ್ರ ಹಿಂಗ ಇರೂದಿಲ್ಲ. ನಡುವ ಒಣಗಿದ ಮೋಟು ಉಳೀತದ, ಅದರ ಎರಡೂ ಬಾಜೂ ಕವಲು ಏರ್ತಾವ." ಶಿವರಾಜರು ಕನ್ನಡಕ ಏರಿಸಿ ಗಿಡವನ್ನು ಕೈಗೆ ತೆಗೆದುಕೊಂಡರು. ಎರಡನೆಯದನ್ನು ನೋಡಿದರು, ಮೂರನೆಯದನ್ನು ನೋಡಿದರು. ಕೌಸಲ್ಯಾಬಾಯಿಯೂ ಒಂದೊಂದಾಗಿ ಸರಿಸುತ್ತ ಹೋದಳು. ಇಪ್ಪತ್ತು ದಾಟಿದ ಮೇಲೆ ಒಂದು ಗಿಡದ ಹತ್ತಿರ ಅವಳ ಕೈ ನಿಂತಿತು. ಅದನ್ನು ಎತ್ತಿ ಬೇರೆ ಇಟ್ಟಳು.

"ಇದು ಚಿವುಟಿದ್ದು. ನಾನೇ ಚಿವುಟೀನಿ."

ಉಜ್ವಲಾ ಮೇಜಿನ ಹತ್ತಿರ ಬಂದಳು. "ಅವ್ವಾ!"

"ಮೂವತ್ತು ವರ್ಷದ ಕೈ ಅದ, ನಲವತ್ತೈದು ದಿನ ಆದ ಮ್ಯಾಲ ಹೊಲದಾಗ ಕಾಲಿಟ್ಟ ಕೂಡಲೇ ತಾನೇ ಹೋತು. ಒಂದು ಚಿವುಟಿದ ಮ್ಯಾಲ ನೀ ಚಿವುಟಬ್ಯಾಡ ಅಂದಿದ್ದು ನೆಪ್ಪಾತು. ನೀ ಬೇಜಾರಾಗ್ತಿ ಅಂತ ಹೇಳಲಿಲ್ಲ. ಇವತ್ತ ಇವರು ಇಷ್ಟು ಮಂದಿ ಮುಂದ ಕೇಳ್ಯಾರ. ಹ್ಯಾಂಗ ಮುಚ್ಚಲಿ?"

ಶಿವರಾಜರು ಉಳಿದ ಗಿಡಗಳನ್ನೆಲ್ಲ ತಾವೇ ನೋಡಿ ಮುಗಿಸಿದರು. ಮೂವತ್ತೊಂಬತ್ತರಲ್ಲೂ ದಂಟು ತುದಿಯವರೆಗೆ ನೆಟ್ಟಗಿತ್ತು. ಆಮೇಲೆ ಬೇರೆ ಇಟ್ಟಿದ್ದ ಗಿಡವನ್ನು ಉಜ್ವಲಾಳ ಕಡೆ ಚಾಚಿದರು. "ಎಣಿಸಿ."

ಅವಳು ಎಣಿಸಿದಳು. ಇಪ್ಪತ್ತಾರು. ಮತ್ತೊಮ್ಮೆ ಎಣಿಸಿದಳು. ಮುಖದ ಮೇಲೆ ನಿಧಾನಕ್ಕೆ ಬೆಳಕು ಬಂತು. "ಸರ್, ಚಿವುಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ! ತಡೆಯೋ ಜೀನು ಮೊದಲೇ ಸುಮ್ಮನಾಗ್ಯಾದ. ತಡೆಯೇ ಇಲ್ಲದಾಗ ಚಿವುಟಿ ತೆಗೆಯೂದು ಏನು ಉಳೀತು?"

"ಒಂದು ಗಿಡ ಪುರಾವೆ ಆಗೂದಿಲ್ಲವ್ವ," ಎಂದರು ಶಿವರಾಜರು. ಮೂಲತಃ ಇದೇ ಬೀದರ ಜಿಲ್ಲೆಯ ಔರಾದಿನವರು ಅವರು. ಅಲ್ಲಿಯವರೆಗೆ ಎಲ್ಲಿಟ್ಟಿದ್ದರೋ, ಊರ ಮಾತು ಈಗ ಬಾಯಿಗೆ ಬಂದಿತ್ತು. "ಬರೋ ವರ್ಷ ಅರ್ಧ ಹೊಲ ಚಿವುಟ್ರಿ, ಅರ್ಧ ಬಿಡ್ರಿ. ಆದ್ರ ಇವತ್ತ ನಾ ಸಹಿ ಮಾಡ್ತೇನಿ. ಗಿಡ ನೋಡದೇ ಅನುಮಾನ ಪಟ್ಟಿದ್ದು ನನ್ನ ಗಲ್ತಿ." ಕೌಸಲ್ಯಾಬಾಯಿಯ ಕಡೆ ತಿರುಗಿ ಕೇಳಿದರು: "ಆ ಒಂದು ಗಿಡದ ಬಗ್ಗೆ ನೀವು ಸುಮ್ಮನಿದ್ದಿದ್ರ ನಾನೂ ನೋಡ್ತಿದ್ದಿಲ್ಲ ಏನೋ. ಯಾಕ ತೋರಿಸಿದ್ರಿ?"

"ಮಗಳು ಬರೆದಿದ್ದು ಖರೇ ಇರಬೇಕಲ್ಲರಿ."

ಸಹಿಯಾಯಿತು. ಚಪ್ಪಾಳೆ ನಿಂತು ಎಲ್ಲರೂ ಊಟಕ್ಕೆ ಎದ್ದ ಮೇಲೆ ಉಜ್ವಲಾ ತನ್ನ ಪ್ರಬಂಧದ ಪುಟ ತೆರೆದು, ನಲವತ್ತು ಎಂಬುದನ್ನು ಹೊಡೆದು ಮೂವತ್ತೊಂಬತ್ತು ಮಾಡಿದಳು. ಕೆಳಗೆ ಸಣ್ಣಕ್ಷರದಲ್ಲಿ ಏನೋ ಬರೆಯುತ್ತಿದ್ದುದನ್ನು ಅವ್ವ ಬಗ್ಗಿ ನೋಡಿದಳು.

"ಏನದು?"

"'ಒಂದು ಗಿಡದ ಕುಡಿಯನ್ನು ಕೌಸಲ್ಯಾಬಾಯಿಯವರು ಚಿವುಟಿದ್ದಾರೆ' ಅಂತ ಬರದೀನಿ."

ಕೌಸಲ್ಯಾಬಾಯಿ ಆ ಸಾಲಿನ ಮೇಲೆ ಬೆರಳಿಟ್ಟಳು. "ಬರೀ ಹೆಸರು ಬರದ್ರ ಹ್ಯಾಂಗ? ಹಲಬರ್ಗಾದಾಗ ಮೂರು ಮಂದಿ ಕೌಸಲ್ಯಾಬಾಯಿ ಅದಾರ. ಡಾಕ್ಟರ್ ಉಜ್ವಲಾನ ಅವ್ವ ಅಂತ ಬರಿ."