ಉಳಿದಿದ್ದ ಒಂದು ಪದ

ಬೆಳಗ್ಗೆ ಹನ್ನೊಂದಕ್ಕೆ ತಂಗಿ ಅಕ್ಕನ ಮೈಕಿನ ಮುಂದೆ ಕೂತಳು. ಅಕ್ಕ ತೀರಿಕೊಂಡು ತಿಂಗಳಾಗಿತ್ತು. ಮಾತಾಡುವ ಇಂಗ್ಲಿಷ್-ಕನ್ನಡ ನಿಘಂಟಿಗೆ ಅವಳು ಓದದೆ ಬಿಟ್ಟಿದ್ದು ಒಂದೇ ಪದ, 'ವಿಸ್ಟ್‌ಫುಲ್'. ಅದೂ ಅದೇ ದನಿಯಲ್ಲಿ ಸಿಗದಿದ್ದರೆ ಅಕ್ಕ ಓದಿದ್ದನ್ನೆಲ್ಲ ಅಳಿಸಿ ಬೇರೆಯವರಿಂದ ಓದಿಸುತ್ತೇವೆ ಎಂದು ಪ್ರಕಾಶಕರು ಹೇಳಿಯಾಗಿತ್ತು. ಫೋನಿನಲ್ಲಿ ಮಾತಾಡಿದರೆ ಯಾವ ಮಗಳೆಂದು ಹೆತ್ತ ತಾಯಿಗೇ ತಿಳಿಯುತ್ತಿರಲಿಲ್ಲ. ಆ ಧೈರ್ಯದ ಮೇಲೆ ತಂಗಿ ಬಂದಿದ್ದಳು.

"ಕೈತಪ್ಪಿದ ಸುಖವನ್ನು ನೆನೆದಾಗ ಆಗುವ ಸಿಹಿಯಾದ ಸಂಕಟ," ಎಂದು ಅರ್ಥ ಓದಿ, ಉದಾಹರಣೆಯ ವಾಕ್ಯಕ್ಕೆ ಬಂದಾಗ ಬೇಕೆಂದೇ ದನಿ ನಡುಗಿಸಿದಳು.

ಗಾಜಿನಾಚೆ ರೆಕಾರ್ಡಿಂಗ್ ಮಾಡುತ್ತಿದ್ದ ಭಾವ ತಡೆದ. "ನಾಟಕ ಬೇಡ ಪುಟ್ಟಿ. ಇದು ಅಳೋ ಪದ ಅಲ್ಲ. ನಗ್ತಾ ನಗ್ತಾ ಗಂಟಲು ಕಟ್ಟುತ್ತಲ್ಲ, ಆಗ ಬಳಸೋದು."

"ನಿಮ್ಮ ಹೆಂಡ್ತಿ ಆಗಿದ್ರೆ ಒಂದೇ ಏಟಿಗೆ ಓದಿಬಿಡ್ತಿದ್ಲು, ಅಲ್ವಾ?"

"ಸರಿ ಬಂತು ಅನ್ನಿಸಿದ್ರೆ ಉಗುರಲ್ಲಿ ಮೇಜು ಎರಡು ಸಲ ತಟ್ತಿದ್ಲು. ಆಮೇಲೆ ನಾನು ಕಾಲು ಹಿಡಿದ್ರೂ ಮತ್ತೆ ಓದ್ತಿರ್ಲಿಲ್ಲ."

ಬಾಗಿಲ ಮೊಳೆಯಲ್ಲಿ ಅಕ್ಕನ ಸ್ವೆಟರ್ ಇನ್ನೂ ನೇತಾಡುತ್ತಿತ್ತು. ಅದರ ಮೊಣಕೈಗೆ ತೇಪೆ ಹಾಕಿದ್ದು ತಂಗಿಯೇ. ಬಣ್ಣ ಹೊಂದದ್ದಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಆ ತೇಪೆಯನ್ನೇ ನೋಡುತ್ತಾ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಓದಿದಳು: "ಹೊರಡುವಾಗ ಅವಳು ತಿರುಗಿ ನೋಡಿದ ನೋಟ ವಿಸ್ಟ್‌ಫುಲ್ ಆಗಿತ್ತು."

ಟಕ್, ಟಕ್.

ಭಾವನ ಮುಖ ಬಿಳಿಚಿಕೊಂಡಿತು. "ತಟ್ಟಿದ್ಯಾ?"

ತಂಗಿ ತೊಡೆಯ ಮೇಲಿದ್ದ ಎರಡೂ ಕೈಗಳನ್ನು ಮೆಲ್ಲಗೆ ಎತ್ತಿ ತೋರಿಸಿದಳು.

ಭಾವ ಮತ್ತೆ ಓದಿಸಲಿಲ್ಲ. ನಿಘಂಟು ಅಕ್ಕನ ದನಿಯಲ್ಲೇ ಹೊರಬಂತು. ಆ ಪದದ ಕೊನೆಗೆ ಬಂದ ಟಕ್ ಟಕ್ ಸದ್ದನ್ನು ಭಾವ ಕತ್ತರಿಸಲಿಲ್ಲ.